ಕುದುರೆಯ ಜಾತಕ

ಕುದುರೆ ಓಟಕ್ಕೆ ಹಣ ಕಟ್ಟುವುದು ಜೂಜು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 1996ರ ಜನವರಿ 12ರಂದು ಉತ್ತರ ಕೊಟ್ಟಿತು. ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಆ ಮೊಕದ್ದಮೆಯ ತೀರ್ಪಿನ ಪ್ರಕಾರ ಕುದುರೆ ಓಟ ಮುಖ್ಯವಾಗಿ ಕೌಶಲದ ಆಟ. ಕಣ್ಣು ಮುಚ್ಚಿ ಲಾಟರಿ ಚೀಟಿ ಎತ್ತುವುದಕ್ಕೂ ಇದಕ್ಕೂ ಅಜಗಜಾಂತರ. ಬೆಂಗಳೂರು, ಮೈಸೂರುಗಳ ರೇಸ್ ಪ್ರಿಯರಿಗೆ ಇದು ಸಿಹಿ ಸುದ್ದಿಯೇ ಆಯಿತು. ಆದರೆ ಕುದುರೆ ಬಾಲ ಹಿಡಿದು ಮನೆ ಮಠ ಕಳೆದುಕೊಂಡವರನ್ನು ಕಂಡ ಕುಟುಂಬಗಳಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ. ಕೌಶಲದ ಆಟವೇ ಆಗಿದ್ದರೆ, ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಸೋಲುವುದೇಕೆ? ಉತ್ತರ ಬೇಕಿದ್ದರೆ ಆ ಕೌಶಲ ಎಂಥದ್ದೆಂದು ಮೊದಲು ನೋಡಬೇಕು.

ಅದರ ಹೆಸರು 'ಫಾರ್ಮ್' ಓದುವುದು. ಕ್ರಿಕೆಟ್ಟಿನಲ್ಲಿ ಫಾರ್ಮ್ ಎಂದರೆ ಆಟಗಾರನ ಸದ್ಯದ ಲಯ. ರೇಸಿನಲ್ಲಿ ಅದಕ್ಕಿಂತ ವಿಶಾಲವಾದ ಅರ್ಥವಿದೆ: ಕುದುರೆ ಈವರೆಗೆ ಎಲ್ಲಿ, ಯಾರ ವಿರುದ್ಧ, ಎಷ್ಟು ಭಾರ ಹೊತ್ತು, ಎಂಥ ನೆಲದಲ್ಲಿ ಓಡಿತು ಎಂಬ ಪೂರ್ತಿ ದಾಖಲೆ, ಒಂದು ಬಗೆಯ ಜಾತಕ. ಈ ಜಾತಕ ಬರೆದಿಡುವ ಪದ್ಧತಿಗೆ ಸುಮಾರು ಮುನ್ನೂರು ವರ್ಷ ವಯಸ್ಸು. ಇಂಗ್ಲೆಂಡಿನ ಜಾನ್ ಚೇನಿ ಎಂಬಾತ ಅಲ್ಲಿ ನಡೆದ ಓಟಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 1727ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಹೋದ ವರ್ಷ ಯಾವ ಕುದುರೆ ಗೆದ್ದಿತು ಎಂಬುದಕ್ಕೆ ಅಲ್ಲಿಯವರೆಗೆ ನೆನಪು ಮತ್ತು ಬಡಾಯಿಗಳೇ ಹೆಚ್ಚಾಗಿ ಆಧಾರ. ಅಚ್ಚಾದ ಮೇಲೆ ಅದು ಎಲ್ಲರಿಗೂ ಸಿಗುವ ಮಾಹಿತಿಯಾಯಿತು. ಈ 'ಎಲ್ಲರಿಗೂ ಸಿಗುವ' ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದೇ ತೊಡಕು ತರುತ್ತದೆ.

ಇಂಗ್ಲೆಂಡಿನ ರೇಸ್ ಪಟ್ಟಿಗಳಲ್ಲಿ ಕುದುರೆಯ ಹೆಸರಿನ ಎಡಕ್ಕೆ ಅಂಕಿಗಳ ಒಂದು ಸಾಲಿರುತ್ತದೆ: 30-412 ಎಂಬಂತೆ. ಬಲತುದಿಯದು ತೀರಾ ಇತ್ತೀಚಿನ ಓಟ. 1 ಎಂದರೆ ಗೆಲುವು, 0 ಎಂದರೆ ಮೊದಲ ಒಂಬತ್ತರೊಳಗೂ ಬರಲಿಲ್ಲ, ನಡುವಿನ ಗೆರೆ ವರ್ಷ ಬದಲಾದುದಕ್ಕೆ ಗುರುತು. ಹೊಸಬರು ಇಷ್ಟನ್ನೇ ನೋಡಿ ಹಣ ಕಟ್ಟುತ್ತಾರೆ. ಆದರೆ ಈ ಸಾಲು ಹೇಳುವುದು ತೀರ ಕಡಿಮೆ. ಹಳ್ಳಿ ಶಾಲೆಯ ಮೊದಲ ರ‍್ಯಾಂಕೂ ರಾಜ್ಯಕ್ಕೇ ಬಂದ ಏಳನೆಯ ರ‍್ಯಾಂಕೂ ಒಂದೇ ತಕ್ಕಡಿಗೆ ಬರುತ್ತವೆಯೇ? ದುರ್ಬಲ ಕುದುರೆಗಳ ನಡುವೆ ಬಂದ 1ಕ್ಕಿಂತ, ಬಲಿಷ್ಠ ಕುದುರೆಗಳ ನಡುವೆ ಬಂದ 5 ಎಷ್ಟೋ ಸಲ ಮೇಲು.

ಇನ್ನು ಭಾರದ ಲೆಕ್ಕ. ಅಡೆತಡೆ ಹಾರುವ ಕೆಲಸವಿಲ್ಲದ, ಬಯಲ ಮೇಲಿನ ಫ್ಲಾಟ್ ರೇಸಿನಲ್ಲಿ ಫಾರ್ಮ್ ಓದುವವನ ಹೆಚ್ಚಿನ ಸಮಯ ಹೋಗುವುದು ಇಲ್ಲಿಯೇ. ಜಾಕಿ ತನ್ನ ಜೀನಿನ ಸಮೇತ ಓಟಕ್ಕೆ ಮೊದಲೂ ನಂತರವೂ ತೂಗಿಸಿಕೊಳ್ಳುತ್ತಾನೆ; ನಿಗದಿಗಿಂತ ಹಗುರವಾದರೆ ಜೀನಿನ ಚೀಲಕ್ಕೆ ಸೀಸದ ತುಂಡು ಸೇರಿಸುತ್ತಾರೆ. 'ಹ್ಯಾಂಡಿಕ್ಯಾಪ್' ಓಟಗಳಲ್ಲಿ ಸಮರ್ಥ ಕುದುರೆಗೆ ಹೆಚ್ಚು ಭಾರ, ಅಸಮರ್ಥಕ್ಕೆ ಕಡಿಮೆ. ಟೋಪಿಯೊಳಗೆ ಕೈ ಹಾಕಿ ಆಡುತ್ತಿದ್ದ ಹಳೆಯ ಇಂಗ್ಲಿಷ್ ಆಟವೊಂದರಿಂದ ಈ ಪದ ಬಂದಿದೆ. ನಮ್ಮ 'ಟೋಪಿ ಹಾಕುವುದ'ಕ್ಕೂ ಇದಕ್ಕೂ ಸಂಬಂಧವಿಲ್ಲ, ಸೋತವರು ಏನೇ ಹೇಳಲಿ.

ಈ ಭಾರದ ಲೆಕ್ಕಕ್ಕೆ ಶಿಸ್ತು ತಂದವನು ಅಡ್ಮಿರಲ್ ಹೆನ್ರಿ ಜಾನ್ ರೌಸ್. ಚುಕ್ಕಾಣಿ ಕಳೆದುಕೊಂಡ ಹಡಗನ್ನು 1835ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯಿಂದ ಇಂಗ್ಲೆಂಡಿಗೆ ತಲುಪಿಸಿದ ಗಟ್ಟಿಗ ನಾವಿಕ ಈತ. 1855ರಲ್ಲಿ ಅಧಿಕೃತ ಹ್ಯಾಂಡಿಕ್ಯಾಪರ್ ಆದ. ಮೂರು ವರ್ಷದ ಕುದುರೆ ನಾಲ್ಕು ವರ್ಷದ್ದರೊಡನೆ ಓಡುವಾಗ ಯಾವ ತಿಂಗಳಲ್ಲಿ, ಯಾವ ದೂರಕ್ಕೆ, ಎಷ್ಟು ಭಾರದ ರಿಯಾಯಿತಿ ಎಂದು ಆತ ರೂಪಿಸಿದ ಕೋಷ್ಟಕ ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಎಳೆಯ ಕುದುರೆ ವರ್ಷ ಕಳೆದಂತೆ ಬಲಿಯುವುದರಿಂದ ಈ ರಿಯಾಯಿತಿ ತಿಂಗಳು ತಿಂಗಳಿಗೆ ಕರಗುತ್ತದೆ.

ಒಂದು ಉದಾಹರಣೆ. 1600 ಮೀಟರ್ ಓಟದಲ್ಲಿ 'ಕ' ಎಂಬ ಕುದುರೆ 54 ಕಿಲೋ ಹೊತ್ತು, 58 ಕಿಲೋ ಹೊತ್ತ 'ಖ'ವನ್ನು ಎರಡು ಲೆಂತ್ ಅಂತರದಿಂದ ಸೋಲಿಸಿತು ಎನ್ನೋಣ. ಲೆಂತ್ ಎಂದರೆ ಕುದುರೆಯ ಉದ್ದ, ಸುಮಾರು ಎರಡೂವರೆ ಮೀಟರ್. ಈ ದೂರದಲ್ಲಿ ಒಂದು ಲೆಂತ್ ಹೆಚ್ಚುಕಡಿಮೆ ಒಂದು ಕಿಲೋ ಭಾರಕ್ಕೆ ಸಮ ಎಂಬುದು ರೂಢಿಯ ಲೆಕ್ಕ. ದೂರ ಕಡಿಮೆಯಾದರೆ ಒಂದು ಲೆಂತಿನ ಬೆಲೆ ಏರುತ್ತದೆ, ದೂರ ಹೆಚ್ಚಾದರೆ ಇಳಿಯುತ್ತದೆ. ಹಾಗಾದರೆ 'ಕ' ಪಡೆದ ನಾಲ್ಕು ಕಿಲೋ ರಿಯಾಯಿತಿ ನಾಲ್ಕು ಲೆಂತಿಗೆ ಸಮ. ಗೆದ್ದದ್ದು ಎರಡರಿಂದ ಮಾತ್ರ. ಸಮಭಾರದಲ್ಲಿ ಮತ್ತೆ ಓಡಿದರೆ ಸೋತ 'ಖ' ಎರಡು ಲೆಂತ್ ಮುಂದಿರಬೇಕು. ಫಾರ್ಮ್ ಪುಸ್ತಕ ಓದುವುದೆಂದರೆ ಹೀಗೆ ಫಲಿತಾಂಶವನ್ನು ಬುಡಮೇಲು ಮಾಡಿ ನೋಡುವುದು.

ಭಾರದಾಚೆಗೂ ವಿಷಯಗಳಿವೆ. 1200 ಮೀಟರಿನಲ್ಲಿ ಮಿಂಚುವ ಕುದುರೆ 2400ರಲ್ಲಿ ಏದುಸಿರು ಬಿಡಬಹುದು; ದೂರದ ತ್ರಾಣ ಬಹುಮಟ್ಟಿಗೆ ವಂಶದ ಕೊಡುಗೆ. ಮಳೆ ಬಿದ್ದು ನೆಲ ಮೆತ್ತಗಾದರೆ ಒಣನೆಲದ ವೀರರು ಹಿಂದೆ ಬೀಳುತ್ತಾರೆ. ಹೊರಡುವ ಗೇಟಿನ ಸಂಖ್ಯೆಯೂ ಮುಖ್ಯ. ಇಂಗ್ಲೆಂಡಿನ ಚೆಸ್ಟರ್ ಮೈದಾನದ ಒಂದು ಸುತ್ತು ಒಂದು ಮೈಲಿಗೆ ಸ್ವಲ್ಪವೇ ಹೆಚ್ಚು. ಅಂಥ ಬಿಗಿ ತಿರುವಿನಲ್ಲಿ ಹೊರಗಡೆಯ ಗೇಟು ಸಿಕ್ಕಿದ ಕುದುರೆ ಉಳಿದವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಓಟದ ಕಾಲವನ್ನೂ ಅಳೆಯಬೇಕೆಂದು ಪಟ್ಟು ಹಿಡಿದವನು ಯಾರ್ಕ್‌ಷೈರಿನ ಗಣಿ ಕಾರ್ಮಿಕನ ಮಗ, ಒಂದು ಕಾಲದ ಗಣಿತದ ಮೇಷ್ಟ್ರು ಫಿಲ್ ಬುಲ್. ಗಡಿಯಾರದ ಸೆಕೆಂಡುಗಳನ್ನು ನೆಲದ ಸ್ಥಿತಿಗೆ ಹೊಂದಿಸಿ ಅಂಕವಾಗಿ ಬದಲಿಸುವುದು ಆತನ ಕ್ರಮ. 1948ರಲ್ಲಿ ಆತ ಆರಂಭಿಸಿದ 'ಟೈಮ್‌ಫಾರ್ಮ್' ಸಂಸ್ಥೆ ಪ್ರತಿ ಕುದುರೆಗೂ ಪೌಂಡ್ ಲೆಕ್ಕದಲ್ಲಿ ಅಂಕ ಕೊಡುತ್ತದೆ. 1965ರ ಸೀ ಬರ್ಡ್ ಪಡೆದ 145, ಫ್ರಾಂಕೆಲ್ 2012ರಲ್ಲಿ 147 ಪಡೆಯುವವರೆಗೂ ಫ್ಲಾಟ್ ರೇಸಿನ ಅತ್ಯುಚ್ಚ ಅಂಕವಾಗಿತ್ತು. ಅದೇ ಪುಸ್ತಕದಲ್ಲಿ ಕೆಲವು ಕುದುರೆಗಳ ಅಂಕದ ಪಕ್ಕದಲ್ಲಿ ಒಂದು ಸೊಟ್ಟ ಚಿಹ್ನೆ ಇರುತ್ತದೆ. ಈ ಪ್ರಾಣಿಯನ್ನು ನಂಬಬೇಡಿ, ಶಕ್ತಿಯಿದೆ, ಮನಸ್ಸಿಲ್ಲ ಎಂದು ಅದರರ್ಥ. ಮನುಷ್ಯರ ಪಟ್ಟಿಗಳಲ್ಲೂ ಇಂಥದೊಂದು ಚಿಹ್ನೆ ಇದ್ದಿದ್ದರೆ ಎಷ್ಟೋ ಅನುಕೂಲವಿತ್ತು.

ಇಷ್ಟೆಲ್ಲ ಓದಿದವನಿಗೆ ಎದುರಾಗುವ ಮೊದಲ ಎದುರಾಳಿ ಹ್ಯಾಂಡಿಕ್ಯಾಪರ್. ಅದೇ ದಾಖಲೆಯನ್ನು ಆತನೂ ಓದಿರುತ್ತಾನೆ. ಕುದುರೆ ಗೆದ್ದ ಕೂಡಲೇ ಅದರ ಅಂಕ ಏರಿಸುತ್ತಾನೆ; ಒಂದು ಅಂಕಕ್ಕೆ ಇಂಗ್ಲೆಂಡಿನಲ್ಲಿ ಒಂದು ಪೌಂಡು, ನಮ್ಮಲ್ಲಿ ಅರ್ಧ ಕಿಲೋ ಭಾರ. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಗುರಿ ಮುಟ್ಟಬೇಕೆಂಬುದು ಆತನ ಆದರ್ಶ. ಅಂದರೆ ನೀವು ಕಂಡುಹಿಡಿದ ವ್ಯತ್ಯಾಸವನ್ನು ಅಳಿಸುವುದೇ ಆತನ ಉದ್ಯೋಗ. ಅವನ ಲೆಕ್ಕ ಇನ್ನೂ ತಲುಪದಷ್ಟು ಬೇಗ ಬಲಿಯುತ್ತಿರುವ ಕುದುರೆಯನ್ನು ಹುಡುಕುವುದೇ ಉಳಿದ ದಾರಿ. ಭಾರ ಇಳಿಯಲೆಂದು ಬೇಕಂತಲೇ ಕುದುರೆಯನ್ನು ಹಿಡಿದು ಓಡಿಸುವ ದುರ್ಬುದ್ಧಿಯೂ ಈ ಪದ್ಧತಿಯ ಜೊತೆಗೇ ಹುಟ್ಟಿತು. ಅಂಥ ಓಟ ನಡೆದ ದಿನ ಫಾರ್ಮ್ ಪುಸ್ತಕ ಸುಳ್ಳನ್ನೇ ಬರೆದುಕೊಳ್ಳುತ್ತದೆ. ಸ್ಟುವರ್ಡ್‌ಗಳ ವಿಚಾರಣೆಯಲ್ಲಿ ಎಲ್ಲವೂ ಹೊರಬರುವುದಿಲ್ಲ.

ಎರಡನೆಯ ಎದುರಾಳಿ ಇನ್ನೂ ಕಠಿಣ: ಪಕ್ಕದಲ್ಲಿ ನಿಂತ ಜನ. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣ ಒಂದೇ ಹುಂಡಿಗೆ ಬಿದ್ದು, ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಒಳ್ಳೆಯ ಕುದುರೆಯನ್ನು ಎಲ್ಲರೂ ಗುರುತಿಸಿದರೆ ಅದರ ಮೇಲೆ ಬರುವ ಲಾಭ ಚಿಲ್ಲರೆ. ಜನ ಅತಿಹೆಚ್ಚು ಹಣ ಕಟ್ಟಿದ ಫೇವರಿಟ್ ಕುದುರೆ ಸುಮಾರು ಮೂರು ಓಟಗಳಲ್ಲಿ ಒಂದನ್ನು ಗೆಲ್ಲುತ್ತದೆ. ಹತ್ತು ಹನ್ನೆರಡು ಕುದುರೆಗಳ ನಡುವೆ ಇದು ಸಣ್ಣ ಸಾಧನೆಯಲ್ಲ. ಗುಂಪಿಗೆ ಫಾರ್ಮ್ ಓದಲು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಅದನ್ನೇ ನಂಬಿ ಸದಾ ಕಟ್ಟಿದರೆ ನಷ್ಟವೇ, ಏಕೆಂದರೆ ಬೆಲೆಯಲ್ಲಿ ಆ ಜ್ಞಾನ ಆಗಲೇ ಸೇರಿಹೋಗಿದೆ. ಗುಂಪು ತಪ್ಪು ಮಾಡುವ ಜಾಗವೂ ಒಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರಿಫಿತ್ 1949ರಲ್ಲಿ ತೋರಿಸಿದಂತೆ, ಗೆಲ್ಲುವ ಸಂಭವ ತೀರ ಕಡಿಮೆಯಿರುವ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆ ಮೀರಿ ಹಣ ಸುರಿಯುತ್ತಾರೆ. ಒಂದಕ್ಕೆ ಐವತ್ತು ಎಂಬ ಆಸೆ ಬಡವನ ಜೇಬನ್ನೇ ಮೊದಲು ಹುಡುಕುತ್ತದೆ.

ಕೋರ್ಟು ಹೇಳಿದ್ದು ಸರಿಯೇ. ಓದಿದವನಿಗೂ ಓದದವನಿಗೂ ವ್ಯತ್ಯಾಸವಿದೆ. ಆದರೆ ಕೌಶಲವಿದೆಯೇ ಎಂಬ ಪ್ರಶ್ನೆ ಬೇರೆ, ಆ ಕೌಶಲದಿಂದ ಲಾಭ ಬರುತ್ತದೆಯೇ ಎಂಬುದು ಬೇರೆ. ತೀರ್ಪನ್ನು ಎರಡನೆಯ ಪ್ರಶ್ನೆಗೆ ಉತ್ತರವೆಂದು ಭಾವಿಸಿದವರೇ ಮೋಸ ಹೋದದ್ದು. ತೆರಿಗೆಯವರಿಗೆ ಮೊದಲ ಪ್ರಶ್ನೆಯೂ ಬೇಡವಾಯಿತು: 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ, ಕೌಶಲವೋ ಅದೃಷ್ಟವೋ ಎಂಬ ಭೇದ ಮಾಡದೆ, ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ 28ರ ತೆರಿಗೆಗೆ ತೀರ್ಮಾನಿಸಿತು.

ಹಾಗಾದರೆ ಗೆದ್ದವರೇ ಇಲ್ಲವೇ? ಇದ್ದಾರೆ. ಅಮೆರಿಕದ ಬಿಲ್ ಬೆಂಟರ್ ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಮೂಲಕ ಫಾರ್ಮ್ ಅಳೆದು ಅಪಾರ ಹಣ ಗಳಿಸಿ, ತನ್ನ ಕ್ರಮವನ್ನು 1994ರಲ್ಲಿ ಲೇಖನವಾಗಿ ಪ್ರಕಟಿಸಿದ. ವರ್ಷಗಟ್ಟಲೆ ಕಲೆಹಾಕಿದ ಅಂಕಿಅಂಶ, ಪ್ರತಿ ಕುದುರೆಯ ಹತ್ತಾರು ಗುಣಗಳ ಲೆಕ್ಕ ಅದರಲ್ಲಿದ್ದವು. ಆದರೂ ಯಂತ್ರದ ಅಂದಾಜು ಒಂದೇ ಸಾಲಲಿಲ್ಲ. ಮೈದಾನದಲ್ಲಿ ಜನ ಕಟ್ಟಿದ ಹಣದಿಂದ ಮೂಡುವ ಬೆಲೆಯನ್ನೂ ಅದರೊಳಕ್ಕೆ ಬೆರೆಸಿದ ಮೇಲೆಯೇ ಲೆಕ್ಕ ನಿಜಕ್ಕೆ ಹತ್ತಿರವಾದದ್ದು.