ಜಾವಗಲ್ಲಿನ ಬಯಲಿನಿಂದ ಬಾನಿಗೆ

ಹಟ್ಟಿಕೇರಿಯ ಕಡೆ ಆಕಾಶದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ಈಗ ಯಾರೂ ಗದ್ದೆಯ ಕೆಲಸ ಬಿಟ್ಟು ತಲೆಯೆತ್ತುವುದಿಲ್ಲ. ಕಾರವಾರದ ಬಳಿ ನೌಕಾಪಡೆಯ ‘ಕದಂಬ’ ನೆಲೆ 2005ರ ಮೇ 31ರಂದು ಸೇವೆಗೆ ಸಮರ್ಪಿತವಾದ ಮೇಲೆ ನಮ್ಮ ಕರಾವಳಿಗೆ ಆ ಸದ್ದು ರೂಢಿಯಾಗಿದೆ. ಆದರೂ ಆ ಯಂತ್ರ ಹೇಗೆ ನಿಂತಲ್ಲೇ ನಿಲ್ಲುತ್ತದೆ, ಅದನ್ನು ನಡೆಸುವ ಸೈನಿಕರು ಸೇವೆ ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಬೇಕಾದವರು ನಾವೇ ತಾನೆ?

ಮೊದಲು ಹೆಸರಿನ ಮಾತು. ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಈ ಪದವನ್ನು ಒಡೆಯುವುದು ವಾಡಿಕೆ. ವ್ಯುತ್ಪತ್ತಿಯಂತೆ ಒಡೆಯಬೇಕಾದ ಸ್ಥಳ ಅದಲ್ಲ. ಗ್ರೀಕ್ ಭಾಷೆಯಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರಾನ್’ ಎಂದರೆ ರೆಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರು ಇವೆರಡನ್ನು ಸಮಾಸ ಮಾಡಿದರು. ಆದ್ದರಿಂದ ಇದು ‘ಸುರುಳಿರೆಕ್ಕೆ’. ಸಂಧಿ ಬಿಡಿಸುವಾಗ ಎಡವುವುದು ಕನ್ನಡದ ಹುಡುಗರಿಗೆ ಮಾತ್ರ ಮೀಸಲಾದ ದೋಷವಲ್ಲವೆಂದು ಇದರಿಂದ ತಿಳಿಯುತ್ತದೆ!

ವಿಮಾನದ ರೆಕ್ಕೆ ಸ್ಥಿರ. ಗಾಳಿ ಅದರ ಮೇಲೆ ಹರಿಯಬೇಕಾದರೆ ವಿಮಾನವೇ ಮುಂದಕ್ಕೆ ಓಡಬೇಕು. ಹೆಲಿಕಾಪ್ಟರಿನಲ್ಲಿ ರೆಕ್ಕೆಯೇ ತಿರುಗುವುದರಿಂದ ಓಟದ ಹಾದಿ ಬೇಡ. ಆದರೆ ತಲೆಯ ಮೇಲಿನ ಚಕ್ರ ಒಂದು ಕಡೆಗೆ ತಿರುಗಿದರೆ ಒಡಲು ಮತ್ತೊಂದು ಕಡೆಗೆ ತಿರುಗಲು ಹವಣಿಸುತ್ತದೆ. ಸಣ್ಣ ದೋಣಿಯಲ್ಲಿ ನಿಂತು ಜಲ್ಲೆಯನ್ನು ಬಲಕ್ಕೆ ಬೀಸಿದರೆ ದೋಣಿ ಎಡಕ್ಕೆ ತಿರುಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅದನ್ನು ತಡೆಯಲೆಂದೇ ಬಾಲದಲ್ಲಿ ಚಿಕ್ಕ ಪಂಕ. ಎಂಜಿನ್ ನಿಂತುಹೋದರೂ ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ. ರೆಕ್ಕೆಯುಳ್ಳ ಕಾಡುಬೀಜ ಗಿರಗಿರನೆ ತಿರುಗುತ್ತ ಇಳಿಯುವಂತೆ ನುರಿತ ಚಾಲಕ ಅದನ್ನು ಇಳಿಸಬಲ್ಲ.

ನಮ್ಮ ವಾಯುಪಡೆಗೆ ಮೊದಲ ಹೆಲಿಕಾಪ್ಟರುಗಳು ಬಂದದ್ದು 1954ರಲ್ಲಿ. 1960ರ ದಶಕದಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ಫ್ರೆಂಚ್ ಮಾದರಿಯ ‘ಚೇತಕ್’ ತಯಾರಿಕೆಗೆ ತೊಡಗಿತು. ಅಲ್ಲಿಯೇ ರೂಪಿಸಿದ ‘ಧ್ರುವ’ 1992ರಲ್ಲಿ ಮೊದಲು ಹಾರಿತು. 2019ರ ಆಗಸ್ಟಿನ ನೆರೆಯಲ್ಲಿ ಹಂಪಿಯೆದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಎತ್ತಿ ತಂದುದು ಅನೇಕರಿಗೆ ನೆನಪಿರಬಹುದು.

ಇನ್ನು ಮನುಷ್ಯರ ಮಾತಿಗೆ ಬರೋಣ. ಸೈನ್ಯ ಬಿಟ್ಟವರು ಎರಡನೆಯ ಬಾಳನ್ನು ಹೇಗೆ ಕಟ್ಟಿಕೊಳ್ಳುತ್ತಾರೆಂಬುದಕ್ಕೆ ಕನ್ನಡ ನಾಡಿನಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ಜೀವನಕ್ಕಿಂತ ವಿಚಿತ್ರವಾದ ಉದಾಹರಣೆಯನ್ನು ನಾನು ಕಾಣೆ. 1951ರಲ್ಲಿ ಜನಿಸಿದ ಇವರು ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ತಂದೆ ಶಾಲಾ ಉಪಾಧ್ಯಾಯರು. ಉಪಾಧ್ಯಾಯರಾಗಿದ್ದೂ ಶಾಲೆ ಮಗುವಿನ ಮನಸ್ಸನ್ನು ಕಟ್ಟುಪಾಡಿಗೆ ಸಿಕ್ಕಿಸುತ್ತದೆಂದು ಬಗೆದು ಮಗನಿಗೆ ಮೊದಲ ವರ್ಷಗಳ ಪಾಠವನ್ನು ಮನೆಯಲ್ಲಿಯೇ ಹೇಳಿದರು. ಹಾಜರಿ ಪುಸ್ತಕ ಹಿಡಿದು ದಶಕಗಳನ್ನು ಕಳೆದ ನನ್ನಂಥವನಿಗೆ ಇದು ಸುಲಭವಾಗಿ ಜೀರ್ಣವಾಗುವ ಸಂಗತಿಯಲ್ಲ. ಆದರೆ ಫಲವನ್ನು ನೋಡಿ ಸುಮ್ಮನಾಗಬೇಕಾಗುತ್ತದೆ. ಅನಂತರ ಕನ್ನಡ ಶಾಲೆ, ಬಿಜಾಪುರದ ಸೈನಿಕ ಶಾಲೆ, ಖಡಕ್ವಾಸ್ಲಾ, ಡೆಹರಾಡೂನು. 1971ರ ಬಾಂಗ್ಲಾ ವಿಮೋಚನಾ ಯುದ್ಧವನ್ನೂ ಕಂಡು, ಇಪ್ಪತ್ತೆಂಟನೆಯ ವಯಸ್ಸಿಗೆ ಸೈನ್ಯಕ್ಕೆ ವಿದಾಯ ಹೇಳಿ ಊರಿಗೆ ಮರಳಿದರು.

ಊರಿನಲ್ಲಿ ಜಮೀನೆಲ್ಲಿತ್ತು? ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದರಿಂದ ಮನೆತನದ ಹೊಲಗದ್ದೆಗಳು ನೀರಿನ ಪಾಲಾಗಿದ್ದವು. ಬದಲಿಗೆ ಸರಕಾರ ಕೊಟ್ಟದ್ದು ಹಳೇಬೀಡಿಗೆ ದೂರವಲ್ಲದ ಜಾವಗಲ್ಲಿನ ಬಳಿ ಒಂದು ಬರಡು ಬಯಲು. ನದಿಯ ದಂಡೆಯ ನೆಲಕ್ಕೆ ಮಳೆಯಿಲ್ಲದ ನೆಲ ವಿನಿಮಯ! ಕಾಗದದಲ್ಲಿ ಎಕರೆಗೆ ಎಕರೆ ಸರಿಹೋದರೂ ಬದುಕಿನಲ್ಲಿ ಸರಿಹೋಗದ ಲೆಕ್ಕವಿದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? 1986ರಲ್ಲಿ ‘ಸೀ ಬರ್ಡ್’ ನೌಕಾನೆಲೆಗೆ ಶಂಕುಸ್ಥಾಪನೆಯಾದ ಮೇಲೆ ಅರಗಾ ಮೊದಲಾದ ಕಡಲಂಚಿನ ಊರುಗಳ ಜನ ಮನೆಯನ್ನೂ ತೆಂಗಿನ ಹಿತ್ತಲನ್ನೂ ದೋಣಿ ಎಳೆದಿಡುವ ದಂಡೆಯನ್ನೂ ಬಿಟ್ಟು ತೋಡೂರು ಮೊದಲಾದೆಡೆಯ ಪುನರ್ವಸತಿ ನಿವೇಶನಗಳಿಗೆ ಹೋಗಬೇಕಾಯಿತು. ನಿವೇಶನಕ್ಕೆ ಅಳತೆಯುಂಟು, ದಂಡೆಗೆ ಅಳತೆಯಿಲ್ಲ. ಪರಿಹಾರದ ಹಣಕ್ಕಾಗಿ ಎಷ್ಟೋ ಮಂದಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿದರು.

ಗೋಪಿನಾಥರು ಆ ಬಯಲಿನಲ್ಲಿ ಡೇರೆ ಹಾಕಿದರು. ದೂರದಿಂದ ನೀರು ತಂದು ತೆಂಗಿನ ಸಸಿಗಳಿಗೆ ಎರೆದರು. ತೆಂಗು ಫಲಕ್ಕೆ ಬರುವವರೆಗೆ ಹೊಟ್ಟೆ ಕಾಯುವುದಿಲ್ಲವಲ್ಲ. ನಾನಾ ಕಸುಬುಗಳಿಗೆ ಕೈಹಾಕಿ, ಕೆಲವನ್ನು ಕೈಸುಟ್ಟುಕೊಂಡೇ ಬಿಟ್ಟರು. ಕೊನೆಗೆ ಕೈಹಿಡಿದದ್ದು ರೇಷ್ಮೆ. ರಾಸಾಯನಿಕಗಳನ್ನು ದೂರವಿಟ್ಟು ಪ್ರಕೃತಿಗೆ ಹೊಂದುವ ರೀತಿಯಲ್ಲಿ ರೇಷ್ಮೆ ಬೆಳೆದುದಕ್ಕೆ 1996ರಲ್ಲಿ ಅಂತಾರಾಷ್ಟ್ರೀಯ ರೋಲೆಕ್ಸ್ ಪುರಸ್ಕಾರ ದೊರೆಯಿತು. ನಡುವೆ ಹಾಸನದಲ್ಲಿ ಮೋಟಾರು ಸೈಕಲ್ ಮಾರಿದ್ದೂ ಉಂಟು. ಸೈನ್ಯದ ಅಧಿಕಾರಿಯ ಶಿಕ್ಷಣ, ಇಂಗ್ಲಿಷು, ಪರಿಚಯಗಳು ಇವರ ಬೆನ್ನಿಗಿದ್ದವೆಂಬುದನ್ನು ಮರೆಯಬಾರದು. ಅವು ಅರಗಾದ ಮೀನುಗಾರನ ಬೆನ್ನಿಗಿರಲಿಲ್ಲ. ‘ಅವರು ಗೆದ್ದರು, ನೀವೇಕೆ ಗೆಲ್ಲಲಿಲ್ಲ?’ ಎಂದು ನಿರಾಶ್ರಿತರನ್ನು ಕೇಳುವುದು ನ್ಯಾಯವಲ್ಲ.

ಹೆಲಿಕಾಪ್ಟರಿನ ಪ್ರವೇಶ ಇಲ್ಲಿ. ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಹೆಲಿಕಾಪ್ಟರ್ ಚಾಲಕರು. ಸಮವಸ್ತ್ರ ಕಳಚಿದ ಮೇಲೆ ಅಂಥವರ ವಿದ್ಯೆಗೆ ಆ ದಿನಗಳಲ್ಲಿ ಹೊರಗೆ ಹೆಚ್ಚು ಎಡೆಯಿರಲಿಲ್ಲ. ಇವರಿಬ್ಬರೂ ಸೇರಿ ಬಾಡಿಗೆಗೆ ಹೆಲಿಕಾಪ್ಟರ್ ಒದಗಿಸುವ ‘ಡೆಕ್ಕನ್ ಏವಿಯೇಷನ್’ ಸಂಸ್ಥೆಯನ್ನು ಕಟ್ಟಿ, 1997ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದರು. ಚುನಾವಣಾ ಪ್ರಚಾರಕ್ಕೆ, ಭೂಮಿಯ ಸರ್ವೇಕ್ಷಣೆಗೆ, ರೋಗಿಗಳನ್ನು ಒಯ್ಯಲು ಜನ ಬಂದರು.

ಹೀಗೆ ನಾಡಿನ ಮೇಲೆ ಹಾರುತ್ತಿರುವಾಗ ಗೋಪಿನಾಥರ ಕಣ್ಣಿಗೆ ಬಿದ್ದದ್ದು ಬಡವರ ಮನೆಗಳ ಮೇಲೂ ಎದ್ದಿದ್ದ ಟಿ.ವಿ. ಆಂಟೆನಾ. ಇವರು ಇಷ್ಟನ್ನು ಕೊಳ್ಳಬಲ್ಲರಾದರೆ ಅಗ್ಗದ ವಿಮಾನದ ಟಿಕೆಟನ್ನೂ ಕೊಳ್ಳಬಲ್ಲರಲ್ಲವೆ ಎಂಬ ತರ್ಕ ಅಲ್ಲಿ ಹುಟ್ಟಿತು. 2003ರ ಆಗಸ್ಟಿನಲ್ಲಿ ‘ಏರ್ ಡೆಕ್ಕನ್’ ಆರಂಭವಾಯಿತು, ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನ ಬಂತು, ಆರ್. ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’ ಅದರ ಲಾಂಛನವಾದ. ಮುಂದಿನದು ಸುಖದ ಕಥೆಯಲ್ಲ. ದರ ಇಳಿದಂತೆ ನಷ್ಟ ಏರಿತು. 2007ರಲ್ಲಿ ಕಿಂಗ್‌ಫಿಷರ್ ಒಡೆತನದ ಪಾಲು ಕೊಂಡಿತು; ಮರುವರ್ಷ ಹಳೆಯ ಹೆಸರೂ ಹೋಯಿತು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ನಿಂತು ಸೋತರು. ಸರಕು ಸಾಗಣೆಯ ವಿಮಾನಗಳೂ ಬಹುಕಾಲ ಹಾರಲಿಲ್ಲ.

ಅವರ ಆತ್ಮಕಥೆಯ ಆಧಾರದಿಂದ 2020ರಲ್ಲಿ ‘ಸೂರರೈ ಪೋಟ್ರು’ ಎಂಬ ತಮಿಳು ಚಿತ್ರ ಬಂತು. ಅದರಲ್ಲಿ ಕಲ್ಪನೆ ಧಾರಾಳ. ನಾಯಕ ವೈಮಾನಿಕ ಪಡೆಯವನು, ಜಾವಗಲ್ಲಿನ ಬಯಲು ಅಲ್ಲಿಲ್ಲ. ಆದ್ದರಿಂದ ನಿಜವನ್ನು ತಿಳಿಯಬಯಸುವವರು ವಿಶ್ವೇಶ್ವರ ಭಟ್ಟರು ಕನ್ನಡಕ್ಕೆ ತಂದಿರುವ ‘ಬಾನಯಾನ’ವನ್ನು ತರಿಸಿಕೊಳ್ಳಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಗೊರೂರು ಮತ್ತು ತೋಟದ ಅಧ್ಯಾಯಗಳನ್ನು ಮೊದಲು ಓದಿಸಿರಿ. ವಿಮಾನಗಳ ಭಾಗವನ್ನು ರಜೆಯಲ್ಲಿ ಓದಿದರೂ ಆದೀತು.