ಪಾಂಗ್‌ಪೇಮಾದ ದಾರಿ: ಹೊರಡುವ ಮುನ್ನ ಎಣಿಸಬೇಕಾದ ದಿನಗಳು

ಕಳೆದ ಶ್ರಾವಣದಲ್ಲಿ ಪರಿಚಿತ ಮನೆತನವೊಂದರಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದಾಗ, ಆ ಮನೆಯ ಹಿರಿಯ ಮಗ ಒಂದು ಹಾಳೆಯನ್ನು ತಂದು ನನ್ನ ಮುಂದಿರಿಸಿದ. "ಅಜ್ಜಾರ, ನೀವು ಆ ಕಡೆ ಹೋಗಿ ಬಂದವರು. ಇದನ್ನೊಮ್ಮೆ ನೋಡಿ ಹೇಳ್ರಿ" ಎಂದ. ನೇಪಾಳದ ಈಶಾನ್ಯ ಮೂಲೆಯಲ್ಲಿ, ಕಾಂಚನಜುಂಗಾ ಪರ್ವತದ ಉತ್ತರ ಪಾರ್ಶ್ವದ ತಳಶಿಬಿರವಾದ ಪಾಂಗ್‌ಪೇಮಾಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರುವ ಯೋಜನೆಯದು. ತಾಪ್ಲೇಜುಂಗ್ ಊರಿನಿಂದ ಹೊರಟು ಅಲ್ಲಿಗೇ ಮರಳಲು ಅದರಲ್ಲಿ ಒಂಬತ್ತು ದಿನಗಳನ್ನು ನಮೂದಿಸಿದ್ದರು. ತಂದೆತಾಯಿಗಳು ಮಗನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ನಾನು ಆ ಹಾಳೆಯಲ್ಲಿ ಮೊದಲು ಹುಡುಕಿದ್ದು ದುಡ್ಡಿನ ಲೆಕ್ಕವನ್ನಲ್ಲ, ಗುನ್ಸಾ ಎಂಬ ಹಳ್ಳಿಯಲ್ಲಿ ಎಷ್ಟು ರಾತ್ರಿ ಎಂಬುದನ್ನು. ಒಂದೇ ರಾತ್ರಿ ಎಂದಿತ್ತು.

ಅಂಥದೇ ಒಂದು ಹಾಳೆಯನ್ನು ನಂಬಿ 2018ರ ಅಕ್ಟೋಬರಿನಲ್ಲಿ ನಾವು ಆರು ಜನ ಹೊರಟಿದ್ದೆವು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ದಾರಿಯ ಪರಿಚಯವಾಗಲಿ.

ನಮ್ಮ ಪತ್ರಿಕೆಗಳು ಈ ಪರ್ವತವನ್ನು ಹಲವೊಮ್ಮೆ 'ಕಾಂಚನಗಂಗಾ' ಎಂದು ಬರೆಯುತ್ತವೆ. ಬೆಳಗಿನ ಬಿಸಿಲಲ್ಲಿ ಹೊನ್ನಿನಂತೆ ತೋರುವುದರಿಂದ ಈ ಹೆಸರು ಒಪ್ಪುವಂತೆ ಕಂಡರೂ, ಮೂಲವು ಸಂಸ್ಕೃತವಲ್ಲ, ಟಿಬೆಟನ್. 'ಮಹಾಹಿಮದ ಐದು ಭಂಡಾರಗಳು' ಎಂಬುದು ಅದರ ಅರ್ಥ. 8,586 ಮೀಟರ್ ಎತ್ತರದ ಈ ಶಿಖರ ಜಗತ್ತಿನಲ್ಲಿ ಮೂರನೆಯದು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಇದನ್ನೇ ಎಲ್ಲಕ್ಕಿಂತ ಎತ್ತರದ್ದೆಂದು ತಿಳಿಯಲಾಗಿತ್ತು. 1955ರ ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಎಂಬ ಆಂಗ್ಲರು ನೈಋತ್ಯದ ಕಡೆಯಿಂದ ಮೊದಲು ಏರಿದರು. ಸಿಕ್ಕಿಮಿನ ಅರಸರಿಗೆ ಕೊಟ್ಟ ಮಾತಿನಂತೆ ತುತ್ತತುದಿಯನ್ನು ಮೆಟ್ಟದೆ ಕೆಲವೇ ಅಡಿಗಳ ಕೆಳಗೆ ನಿಂತು ಹಿಂತಿರುಗಿದರು. ಆ ಸಂಪ್ರದಾಯವನ್ನು ಅನಂತರದ ಅನೇಕರು ಪಾಲಿಸಿದ್ದಾರೆ. 1977ರಲ್ಲಿ ನಮ್ಮ ಭಾರತೀಯ ಸೇನೆಯ ತಂಡ ಕರ್ನಲ್ ನರೇಂದ್ರ ಕುಮಾರರ ನೇತೃತ್ವದಲ್ಲಿ ಸಿಕ್ಕಿಮಿನ ಕಡೆಯಿಂದ ಏರಿತು. ಪಾಂಗ್‌ಪೇಮಾದ ಎದುರಿನ ಹಿಮಗೋಡೆ ಕಠಿಣವಾದದ್ದು. 1930ರಲ್ಲಿ ಡೈರೆನ್‌ಫರ್ತ್ ಅವರ ತಂಡ ಅಲ್ಲಿ ಹಿಮಪಾತಕ್ಕೆ ಸಿಲುಕಿ, ಒಬ್ಬ ಶೆರ್ಪಾನನ್ನು ಕಳೆದುಕೊಂಡು ಹಿಂದೆ ಸರಿಯಿತು. ನಮ್ಮಂಥವರು ಏರುವವರಲ್ಲ, ಎದುರು ನಿಂತು ನೋಡಿ ಬರುವವರು. ಆದರೆ ಆ ನಿಲ್ಲುವ ನೆಲವೇ ಸುಮಾರು 5,140 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ ಅಂತರ ತಿಳಿದೀತು. ಅಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ನಮ್ಮ ಬಯಲುಸೀಮೆಯಲ್ಲಿ ದೊರೆಯುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ಕರ್ನಾಟಕದಿಂದ ಹೋಗುವವರಿಗೆ ಕಾಠ್ಮಂಡು ಸುತ್ತುದಾರಿ. ಪಶ್ಚಿಮ ಬಂಗಾಳದ ನ್ಯೂ ಜಲಪೈಗುರಿವರೆಗೆ ರೈಲಿನಲ್ಲಿ ಅಥವಾ ಬಾಗ್‌ಡೋಗ್ರಾವರೆಗೆ ವಿಮಾನದಲ್ಲಿ ಹೋಗಿ, ಮೇಚಿ ನದಿಯ ಸೇತುವೆಯನ್ನು ದಾಟಿದರೆ ನೇಪಾಳದ ಕಾಕರ್‌ಭಿಟ್ಟಾ. ಅಲ್ಲಿಂದ ಚಹಾ ತೋಟಗಳ ಇಲಾಮ್, ಫಿದಿಮ್ ಮೂಲಕ ತಾಪ್ಲೇಜುಂಗ್ ತಲುಪಲು ಜೀಪಿನಲ್ಲಿ ಎರಡು ದಿನ ಇಟ್ಟುಕೊಳ್ಳುವುದು ಸುಖ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೂ ಪಾಸ್‌ಪೋರ್ಟ್ ಇದ್ದರೆ ಒಯ್ಯುವುದೇ ಲೇಸು. ಏಕೆಂದರೆ ಈ ಸೀಮೆ ನಿರ್ಬಂಧಿತ ಪ್ರದೇಶ. ನೇಪಾಳದಲ್ಲಿ ನೋಂದಾಯಿತವಾದ ಸಂಸ್ಥೆಯ ಮೂಲಕ ವಿಶೇಷ ಪರವಾನಗಿ ಪಡೆದು, ಮಾರ್ಗದರ್ಶಿಯೊಡನೆ ಹೋಗಬೇಕು. ಸಂರಕ್ಷಣಾ ಪ್ರದೇಶದ ಪ್ರವೇಶಪತ್ರ ಬೇರೆ. ಪರವಾನಗಿಯನ್ನು ವಾರಗಳ ಲೆಕ್ಕದಲ್ಲಿ ಕೊಡುತ್ತಾರಾದ್ದರಿಂದ, ಹಣ ಉಳಿಸಲೆಂದು ದಿನಗಳನ್ನು ಬಿಗಿಹಿಡಿಯುವ ಆಸೆ ಅಲ್ಲಿಂದಲೇ ಮೊದಲಾಗುತ್ತದೆ.

ಸಂರಕ್ಷಣಾ ಪ್ರದೇಶದ ಹೆಸರು ಬಂದಾಗ ಒಂದು ದುಃಖದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಈ ಕಾಡುಮೇಡುಗಳ ಆಡಳಿತವನ್ನು ಸ್ಥಳೀಯ ಜನರ ಕೈಗೇ ಒಪ್ಪಿಸಿದ ಸಮಾರಂಭ 2006ರ ಸೆಪ್ಟೆಂಬರಿನಲ್ಲಿ ನಡೆಯಿತು. ಅದನ್ನು ಮುಗಿಸಿ ಗುನ್ಸಾದಿಂದ ಹಿಂತಿರುಗುತ್ತಿದ್ದ ಹೆಲಿಕಾಪ್ಟರ್ 23ರಂದು ಬೆಟ್ಟಕ್ಕೆ ಬಡಿದು 24 ಜನ ಅಸುನೀಗಿದರು. ನೇಪಾಳದ ಪರಿಸರ ರಕ್ಷಣೆಗೆ ಬಾಳನ್ನೇ ಸವೆಸಿದ ಹರ್ಕ ಗುರುಂಗ್, ಚಂದ್ರ ಗುರುಂಗ್, ಮಿಂಗ್ಮಾ ನೋರ್ಬು ಶೆರ್ಪಾ ಮುಂತಾದವರು ಅದರಲ್ಲಿದ್ದರು. ಮಂಜು ಕವಿದಾಗ ಆ ಕಣಿವೆ ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಿಮೆ ಮಾಡಿಸಿದ್ದೇವೆ, ಹೆಲಿಕಾಪ್ಟರ್ ಬರುತ್ತದೆ ಎಂಬ ಧೈರ್ಯದಲ್ಲಿ ಯೋಜನೆ ಹಾಕುವವರು ಇದನ್ನು ನೆನಪಿಡಬೇಕು. 5,000 ಮೀಟರಿಗಿಂತ ಮೇಲಿನ ರಕ್ಷಣಾಕಾರ್ಯಕ್ಕೂ ಅನ್ವಯಿಸುವ ವಿಮೆಯನ್ನು ಅವಶ್ಯವಾಗಿ ಮಾಡಿಸಿರಿ. ಆದರೆ ಆಕಾಶ ತಿಳಿಯಾಗಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ತಾಪ್ಲೇಜುಂಗ್‌ನಿಂದ ಸೇಕಾಥುಮ್‌ವರೆಗೆ ಜೀಪು. ಅನಂತರ ಗುನ್ಸಾ ಹೊಳೆಯ ಗುಂಟ ಆಮ್ಜಿಲೋಸಾ, ಗ್ಯಾಬ್ಲಾ, ಟಿಬೆಟಿನಿಂದ ಬಂದ ನಿರಾಶ್ರಿತರು ನೆಲೆಸಿರುವ ಫಲೆ, ಆಮೇಲೆ ಗುನ್ಸಾ. ಕೆಳಗಿನ ಊರುಗಳಲ್ಲಿ ಲಿಂಬು ಜನ. ಏಲಕ್ಕಿ ಅವರ ಮುಖ್ಯ ಬೆಳೆ, ನಮ್ಮ ಮಲೆನಾಡಿನ ಸಣ್ಣ ಏಲಕ್ಕಿಯಲ್ಲ, ಕಪ್ಪು ಬಣ್ಣದ ದೊಡ್ಡ ಏಲಕ್ಕಿ. ದಾರಿಯಲ್ಲಿ 'ಚೌತಾರಾ' ಎಂಬ ಕಲ್ಲಿನ ಜಗಲಿಗಳಿವೆ, ಅರಳಿ ಆಲಗಳ ನೆರಳಲ್ಲಿ, ಥೇಟು ನಮ್ಮ ಅಶ್ವತ್ಥಕಟ್ಟೆಯಂತೆ. ಹೊರೆ ಹೊತ್ತವರು ಬೆನ್ನಿನ ಬುಟ್ಟಿಯನ್ನು ಅಲ್ಲಿಗೆ ಆನಿಸಿ ದಣಿವಾರಿಸಿಕೊಳ್ಳುತ್ತಾರೆ. ಅವರನ್ನು 'ಭರಿಯಾ' ಎನ್ನುತ್ತಾರೆ. 'ಭಾರ'ದ ಈ ಮಾತು ಕಿವಿಗೆ ಬಿದ್ದಾಗ ನನ್ನೊಳಗಿನ ಹಳೆಯ ವಿದ್ಯಾರ್ಥಿಗೆ ಸಂತೋಷವಾಯಿತು. ಆದರೆ ಹೊರುವವನ ಕೊರಳ ನರಗಳನ್ನು ಕಂಡಾಗ ಆ ಸಂತೋಷ ನಿಲ್ಲಲಿಲ್ಲ. ಒಬ್ಬನ ಮೇಲೆ ಮೂವತ್ತು ಕೆ.ಜಿ.ಗಿಂತ ಹೆಚ್ಚು ಹೊರಿಸಬೇಡಿರಿ. ಅವನಿಗೆ ಬೆಚ್ಚನೆಯ ಬಟ್ಟೆ, ಬೂಟು, ವಿಮೆ ಇವೆಯೇ ಎಂದು ಹೊರಡುವ ಮುನ್ನವೇ ಕೇಳಿರಿ.

ಇಳಿದುಕೊಳ್ಳುವುದು 'ಚಹಾಮನೆ'ಗಳಲ್ಲಿ. ಹೆಸರು ಕೇಳಿ ಹೋಟೆಲೆಂದು ತಿಳಿಯಬಾರದು. ಹಲಗೆಯ ಗೋಡೆ, ಎರಡು ಮಂಚ, ನಡುಮನೆಯಲ್ಲಿ ಒಂದು ಒಲೆ. ಅದರ ಸುತ್ತ ಊಟ, ಮಾತು, ಒದ್ದೆ ಕಾಲುಚೀಲ ಎಲ್ಲ. ಬಿಸಿನೀರಿಗೂ ದೀಪಕ್ಕೂ ಬೇರೆ ಬೇರೆ ಕಾಸು. ಅಕ್ಟೋಬರ್, ನವೆಂಬರ್ ಮತ್ತು ಏಪ್ರಿಲ್, ಮೇ ತಿಂಗಳುಗಳು ಪ್ರಶಸ್ತ. ಮೇಲಿನ ಲೋನಾಕ್‌ನಲ್ಲಿ ಮನೆಗಳು ಬೆರಳೆಣಿಕೆಯಷ್ಟೇ; ಕಡುಚಳಿಯಲ್ಲಿ ಅವು ಮುಚ್ಚುತ್ತವೆ. ಆದ್ದರಿಂದ ಸ್ವಂತದ ದಪ್ಪ ಮಲಗುಚೀಲ ಬೇಕು. ತಾಪ್ಲೇಜುಂಗ್ ಬಿಟ್ಟ ಮೇಲೆ ಬ್ಯಾಂಕನ್ನು ನಂಬದೆ ನೇಪಾಳಿ ಹಣವನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಆಹಾರದ ಬಗ್ಗೆ ನಮ್ಮ ತಾಯಂದಿರು ವಿಶೇಷವಾಗಿ ಕೇಳುತ್ತಾರೆ. ಶಾಕಾಹಾರಿಗಳಿಗೆ ತೊಂದರೆಯಿಲ್ಲ. 'ಶಾಕಾಹಾರಿ' ಎಂದರೆ ಅವರಿಗೂ ತಿಳಿಯುತ್ತದೆ. ದಾಲ್-ಭಾತ್ ಎಂಬ ಬೇಳೆ, ಅನ್ನ, ಪಲ್ಯಗಳ ಊಟವನ್ನು ಎರಡನೆಯ ಸಲವೂ ಕೇಳಿ ಬಡಿಸುತ್ತಾರೆ. 'ಧಿಂಡೋ' ಎಂಬುದೊಂದುಂಟು, ರಾಗಿಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಮಾಡಿದ್ದು. ನಮ್ಮ ತಂಡದ ತುಮಕೂರು ಕಡೆಯವರೊಬ್ಬರು ಅದನ್ನು ಕಂಡು ಕಣ್ಣರಳಿಸಿ, ಉಂಡೆ ಕಟ್ಟಿ ಕೊಡಿರೆಂದು ಕೈಸನ್ನೆಯಿಂದ ಕೇಳಿದರು. ಅದೇ ರಾಗಿಯಿಂದ 'ತೋಂಗ್ಬಾ' ಎಂಬ ಬಿಸಿ ಮದ್ಯವನ್ನೂ ಮಾಡುತ್ತಾರೆ. ಆಚಾರದ ಮಾತನ್ನು ಬದಿಗಿಟ್ಟರೂ, ಎತ್ತರದಲ್ಲಿ ಮದ್ಯವೂ ನಿದ್ರೆಯ ಗುಳಿಗೆಯೂ ಉಸಿರಾಟಕ್ಕೆ ಹಗೆ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ ಒಯ್ದರೆ ಬಾಯಿಗೆ ರುಚಿ. ರೊಟ್ಟಿ ಪುಡಿಯಾಗುತ್ತದೆ, ಆಗಲಿ. ಲೋನಾಕ್‌ನಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುವುದರಿಂದ ಪ್ರೆಶರ್ ಕುಕ್ಕರಿಲ್ಲದೆ ಬೇಳೆ ಬೇಯದು, ಹಸಿವೂ ಕುಗ್ಗುತ್ತದೆ.

ಈಗ ದಿನಗಳ ಲೆಕ್ಕ. 3,000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು ಎಂಬುದು ವೈದ್ಯರ ಸೂತ್ರ. ಹಗಲಲ್ಲಿ ಮೇಲೇರಿ ರಾತ್ರಿ ಕೆಳಗೆ ಮಲಗಿದರೆ ದೋಷವಿಲ್ಲ. ಗುನ್ಸಾ ಸುಮಾರು 3,400, ಕಂಬಾಚೆನ್ 4,050, ಲೋನಾಕ್ 4,780. ಓದುಗರೇ ಕಳೆದು ನೋಡಲಿ: ಒಂದು ಮಜಲಿಗೆ 650, ಇನ್ನೊಂದಕ್ಕೆ 730. ಎರಡೂ ಕಡೆ ಸೂತ್ರ ಮುರಿಯುತ್ತದೆ. ನಡುವೆ ಒಳ್ಳೆಯ ತಂಗುದಾಣಗಳಿಲ್ಲ. ಆದ್ದರಿಂದ ಗುನ್ಸಾದಲ್ಲಿ ಎರಡು ರಾತ್ರಿ, ಕಂಬಾಚೆನ್‌ನಲ್ಲಿ ಎರಡು ರಾತ್ರಿ ಕಳೆಯಲೇಬೇಕು. ಕಂಬಾಚೆನ್‌ನ ಬಿಡುವಿನ ದಿನ ವ್ಯರ್ಥವಲ್ಲ. ಲಿಂಬು ಜನ ಪವಿತ್ರವೆಂದು ನಂಬುವ 7,710 ಮೀಟರಿನ ಕುಂಭಕರ್ಣ ಶಿಖರದ ಬುಡದತ್ತ ನಡೆದು ಬರಬಹುದು.

ನಮ್ಮ 2018ರ ಹಾಳೆಯಲ್ಲಿ ಈ ಎರಡೂ ಬಿಡುವುಗಳಿರಲಿಲ್ಲ. ಅದನ್ನು ಬರೆದುಕೊಟ್ಟ ಸಂಸ್ಥೆಯನ್ನು ದೂರಿ ಫಲವಿಲ್ಲ. ರಜೆ ಕಡಿಮೆಯೆಂದು ನಾವೇ ಒಪ್ಪಿದ್ದೆವು. ಕಂಬಾಚೆನ್ ತಲುಪಿದ ಸಂಜೆ ನಮ್ಮೊಡನಿದ್ದ ನಿವೃತ್ತ ಶಿಕ್ಷಕರು ಊಟ ಬಿಟ್ಟರು. ಒಲೆಯ ಹೊಗೆಯಿಂದ ತಲೆನೋವು ಎಂದರು. ಐವರಿಗೆ ತನ್ನಿಂದ ಅಡ್ಡಿಯಾಗಬಾರದೆಂಬ ಸಂಕೋಚ ಅವರದು. ನಾನೂ ನಂಬಿದೆ. ಬೆಳಿಗ್ಗೆ ಮಾರ್ಗದರ್ಶಿ ಅವರನ್ನು ಅಂಗಳಕ್ಕೆ ಕರೆದು, ಹಿಮ್ಮಡಿಗೆ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿದ. ನಾಲ್ಕನೆಯ ಹೆಜ್ಜೆಗೆ ಅವರು ಗೋಡೆ ಹಿಡಿದರು. ಮತ್ತೆ ನಡೆಸಿದ, ಮತ್ತೆ ಅದೇ. ಮಿದುಳಿನಲ್ಲಿ ನೀರು ಸೇರುತ್ತಿರುವುದರ ಲಕ್ಷಣವದು. ಮಾತಿನ ಗೊಂದಲ, ತೂರಾಟ ಕಂಡರೆ, ಇಲ್ಲವೇ ಕುಳಿತಲ್ಲೇ ಏದುಸಿರು ಬಂದು ಕೆಮ್ಮಿನಲ್ಲಿ ನೊರೆ ಕಂಡರೆ, ಆ ಕ್ಷಣವೇ ಕೆಳಗಿಳಿಯಬೇಕು. ಕಾದು ನೋಡುವಂತಿಲ್ಲ.

ಕಣಿವೆಯ ತುಂಬ ಮಂಜು. ಹೆಲಿಕಾಪ್ಟರಿನ ಮಾತೇ ಇಲ್ಲ. ಮಾರ್ಗದರ್ಶಿ ತನ್ನಲ್ಲಿದ್ದ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು, ಉಳಿದ ನಾಲ್ವರನ್ನು ಸಹಾಯಕನಿಗೊಪ್ಪಿಸಿ ಹೊರಟ. ಜೊತೆಗೆ ಒಬ್ಬ ಭರಿಯಾ, ನಾನು. ಗುನ್ಸಾಕ್ಕೂ ಕಂಬಾಚೆನ್‌ಗೂ ನಡುವೆ ಗುಡ್ಡ ಕುಸಿದ ಜಾಗವೊಂದಿದೆ. ಬಿಸಿಲೇರುವ ಮೊದಲು ದಾಟಬೇಕಾದದ್ದು. ನಾವು ಅಲ್ಲಿಗೆ ಬಂದದ್ದು ಮಧ್ಯಾಹ್ನ. ಮೇಲಿನಿಂದ ಕಲ್ಲುಗಳು ಬಿಡಿಬಿಡಿಯಾಗಿ ಉರುಳುತ್ತಿದ್ದವು. ಭರಿಯಾ ಯುವಕ ತನ್ನ ಬುಟ್ಟಿಯನ್ನು ಈಚೆಯೇ ಇಳಿಸಿ, ಶಿಕ್ಷಕರನ್ನು ಬೆನ್ನಿಗೆ ಕಟ್ಟಿಕೊಂಡು ಆಚೆ ದಾಟಿಸಿ, ಬುಟ್ಟಿಗಾಗಿ ಮತ್ತೆ ಬಂದ. ಆ ಜಾಗವನ್ನು ಅವನು ಮೂರು ಸಲ ದಾಟಿದ. ನಾನು ಒಂದೇ ಸಲ. ಸಂಜೆ ಗುನ್ಸಾ ಸೇರಿದ ಮೇಲೆ ಶಿಕ್ಷಕರು ತಾವಾಗಿಯೇ ಚಹಾ ಕೇಳಿದರು. ಮರುದಿನ ಅಂಗಳದಲ್ಲಿ ನೇರ ಗೆರೆಯಲ್ಲಿ ನಡೆದು ತೋರಿಸಿದರು. ಪಾಂಗ್‌ಪೇಮಾವನ್ನು ನಾನು ಈವರೆಗೂ ಕಂಡಿಲ್ಲ.

ಇಷ್ಟನ್ನೂ ಆ ಮನೆಯವರಿಗೆ ಹೇಳಿ, ಹಾಳೆಯ ಹಿಂಬದಿಯಲ್ಲಿ ಹೊಸ ಲೆಕ್ಕ ಬರೆದೆವು. ತಾಪ್ಲೇಜುಂಗ್‌ನಿಂದ ತಾಪ್ಲೇಜುಂಗ್‌ಗೆ ಹದಿಮೂರು ದಿನ. ಜೀಪಿಗೆ ಹೋಗಿಬರುವ ನಾಲ್ಕು, ರೈಲಿಗೆ ಐದು, ಮಳೆಗೋ ಜ್ವರಕ್ಕೋ ಎಂದು ಮೂರು. ಒಟ್ಟು ಇಪ್ಪತ್ತೈದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರದ ಬಾಧೆಯನ್ನು ತಡೆಯಲು ಅಸೆಟಜೋಲಮೈಡ್ ಮಾತ್ರೆಯನ್ನು 125 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ ಕೊಡುವ ರೂಢಿಯಿದೆ. ಅದೂ ವೈದ್ಯರ ಅಪ್ಪಣೆಯಿಂದಲೇ. ಮೂರು ತಿಂಗಳು ಮೊದಲಿನಿಂದ ಬೆನ್ನಿಗೆ ಐದಾರು ಕೆ.ಜಿ. ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲನ್ನೋ ಶಿವಗಂಗೆಯನ್ನೋ ವಾರಕ್ಕೆರಡು ಸಲ ಹತ್ತಿಳಿದರೆ ಮೊಣಕಾಲು ಪಳಗುತ್ತದೆ. ಆದರೆ ಬಲಿಷ್ಠ ಕಾಲುಗಳಿಗೂ ಎತ್ತರದ ಬಾಧೆಗೂ ಸಂಬಂಧವಿಲ್ಲ. ಅವಸರಪಡುವ ಯುವಕರಿಗೇ ಅದು ಹೆಚ್ಚಾಗಿ ತಟ್ಟುವುದುಂಟು.

ಹುಡುಗನ ಕಚೇರಿಯಲ್ಲಿ ಇಪ್ಪತ್ತೈದು ದಿನಗಳ ರಜೆ ಈ ವರ್ಷ ಸಿಗಲಿಲ್ಲ. ಬರುವ ಕಾರ್ತಿಕಕ್ಕೆ ಮುಂದೂಡಿದ್ದಾನೆ. "ನೀವೂ ಬರ್ರಿ ಅಜ್ಜಾರ" ಎಂದು ಅವನ ತಾಯಿ ಹೇಳಿ ಕಳುಹಿಸಿದ್ದಾರೆ. ಗುನ್ಸಾದವರೆಗೆ ಬರುತ್ತೇನೆ, ಅಲ್ಲಿ ಎರಡು ರಾತ್ರಿ ಇದ್ದು ನೋಡೋಣ ಎಂದು ಉತ್ತರ ಬರೆದಿದ್ದೇನೆ.