ಮಕ್ಕಳ ಹಾಸ್ಟೆಲ್ ಊಟ: ಮೆಸ್ಸಿಗೆ ಹಣ ಕಟ್ಟುವ ಮೊದಲು ಲೆಕ್ಕ ಹಾಕೋಣ

ಹನ್ನೆರಡನೇ ತರಗತಿಯ ಫಲಿತಾಂಶ, ಸಿಇಟಿ, ಪ್ರವೇಶದ ಸುತ್ತುಗಳು ಎಲ್ಲ ಮುಗಿದು ಮಗನಿಗೋ ಮಗಳಿಗೋ ಪುಣೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಸಂಭ್ರಮವೋ ಸಂಭ್ರಮ. ಶುಲ್ಕ, ಹಾಸ್ಟೆಲ್, ಹಾಸಿಗೆ, ಬಕೆಟು ಎಂದು ಓಡಾಡುವ ಗಡಿಬಿಡಿಯಲ್ಲಿ ಊಟದ ವಿಚಾರ ಮಾತ್ರ ಕೊನೆಯ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

2023ರಲ್ಲಿ ನಮ್ಮ ಮಗ ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ. ಊಟದ ಚಿಂತೆ ಇರಬಾರದೆಂದು ಇಡೀ ವರ್ಷದ ಮೆಸ್ ಹಣವನ್ನು ಒಮ್ಮೆಲೇ ಕಟ್ಟಿ ನಿಶ್ಚಿಂತೆಯಿಂದ ಬಂದೆವು. ದೀಪಾವಳಿ ರಜೆಗೆ ಬಂದ ಹುಡುಗನ ಪ್ಯಾಂಟು ಬೆಲ್ಟಿನ ಬಲದಲ್ಲಿ ನಿಂತಿರುವುದನ್ನು ಮೊದಲು ಕಂಡದ್ದು ಅವನ ಅಜ್ಜಿ. ‘ಊಟ ಸರಿಯಾಗಿ ಮಾಡ್ತಿಯಾ ಮಗಾ?’ ಎಂದು ಕೇಳಿದಾಗ ‘ಮಾಡ್ತೇನೆ ಅಜ್ಜಿ’ ಎಂದ. ಎರಡು ದಿನ ಬಿಟ್ಟು ಕುಚ್ಚಲಕ್ಕಿ ಗಂಜಿ ಬಡಿಸುತ್ತಾ ಮತ್ತೆ ಕೇಳಿದಾಗ ನಿಜ ಹೊರಬಿತ್ತು. ಪ್ರಾಕ್ಟಿಕಲ್ ಮುಗಿಯುವುದು ಎರಡೂವರೆಗೆ, ಮೆಸ್ಸಿನ ಬಾಗಿಲು ಹಾಕುವುದು ಎರಡಕ್ಕೆ. ಮಧ್ಯಾಹ್ನ ವಡಾಪಾವ್, ರಾತ್ರಿ ಹಸಿವಿದ್ದರೆ ಮೆಸ್, ಇಲ್ಲದಿದ್ದರೆ ಅದೂ ಇಲ್ಲ. ‘ಯಾಕೆ ಹೇಳಲಿಲ್ಲ?’ ಎಂದದ್ದಕ್ಕೆ ‘ಅಪ್ಪ ಆಗಲೇ ಹಣ ಕಟ್ಟಿದ್ದಾರಲ್ಲ’ ಎಂದ. ಕಟ್ಟಿದ ಹಣ ಹಿಂದೆ ಬರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಅವನ ಮೌನದಿಂದ.

ಆದುದರಿಂದ ಈ ಅನುಭವವನ್ನು ಇತರ ಪೋಷಕರೊಂದಿಗೆ ಹಂಚಿಕೊಳ್ಳುವುದು ಉಚಿತವೆನಿಸಿತು.

ಪುಣೆಯಲ್ಲಿ ಸಾಮಾನ್ಯವಾಗಿ ಮೂರು ದಾರಿಗಳಿವೆ. ಹಾಸ್ಟೆಲಿನ ಸ್ವಂತ ಮೆಸ್, ಹೊರಗಿನ ಖಾಸಗಿ ಮೆಸ್ಸಿನ ತಿಂಗಳ ಲೆಕ್ಕ ಅಥವಾ ಕೂಪನ್, ಕೋಣೆಗೆ ಬರುವ ಡಬ್ಬ. ಯಾವುದು ಅಗ್ಗ ಎಂಬುದು ಹುಡುಗ ನಿಜವಾಗಿ ಎಷ್ಟು ಊಟ ಉಣ್ಣುತ್ತಾನೆ ಎಂಬುದರ ಮೇಲೆ ನಿಂತಿದೆ. ಉದಾಹರಣೆಗೆ ತಿಂಗಳಿಗೆ 4,500 ರೂ. ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡರಂತೆ 60 ಊಟವಾದರೆ ಒಂದಕ್ಕೆ 75 ರೂ. ಆದರೆ ಹಲವು ಮೆಸ್ಸುಗಳಿಗೆ ಭಾನುವಾರ ರಾತ್ರಿ ರಜೆ. ಅಲ್ಲಿಗೆ ಉಳಿದದ್ದು 56. ಹುಡುಗ ತಿಂಗಳಿಗೆ ಎರಡು ಬಾರಿ ಶುಕ್ರವಾರ ಸಂಜೆ ಇಂದ್ರಾಯಣಿ ಹಿಡಿದು ಮನೆಗೆ ಬಂದರೆ ಮತ್ತೆ 8 ಊಟ ಕಳೆಯಿರಿ. ವಾರಕ್ಕೊಮ್ಮೆ ಪ್ರಾಕ್ಟಿಕಲ್‌ನಿಂದ ತಪ್ಪುವ ಊಟ 4. ಕೊನೆಗೆ ಉಣ್ಣುವುದು 44 ಊಟ, ಒಂದಕ್ಕೆ 102 ರೂ. ಅದೇ ಮೆಸ್ಸಿನಲ್ಲಿ ಬಿಡಿ ಕೂಪನ್ 90 ರೂ. ಇದ್ದರೆ 3,960 ರೂ.ಗೆ ಕೆಲಸ ಮುಗಿಯುತ್ತದೆ. ಈ ದರದಲ್ಲಿ 50ಕ್ಕಿಂತ ಹೆಚ್ಚು ಉಣ್ಣುವವನಿಗೆ ತಿಂಗಳ ಲೆಕ್ಕ, ಕಡಿಮೆ ಉಣ್ಣುವವನಿಗೆ ಕೂಪನ್ ಲಾಭ.

ಹಣ ಕಟ್ಟುವ ಮೊದಲು ಕೇಳಬೇಕಾದ ಇನ್ನೊಂದು ಮಾತು ‘ಖಾಡಾ’. ಅಂದರೆ ಊಟಕ್ಕೆ ಬಾರದ ದಿನದ ಹಣ ವಜಾ ಮಾಡುವ ಕ್ರಮ. ಎಷ್ಟು ದಿನ ಮೊದಲು ತಿಳಿಸಬೇಕು, ಸತತ ಎಷ್ಟು ದಿನ ಬಾರದಿದ್ದರೆ ವಜಾ ಸಿಗುತ್ತದೆ, ದೀಪಾವಳಿ ಮತ್ತು ಪರೀಕ್ಷಾ ರಜೆಯ ಲೆಕ್ಕವೇನು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳುವುದು ಒಳಿತು. ಕಾಲೇಜಿನ ವೇಳಾಪಟ್ಟಿಯನ್ನೂ ಮೆಸ್ಸಿನ ಸಮಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ನಾವು ಮೋಸ ಹೋಗುತ್ತಿರಲಿಲ್ಲ.

ಇನ್ನು ರುಚಿಯ ಮಾತು. ಸಾರು, ಪಲ್ಯ, ಮೀನಿಗೆ ಒಗ್ಗಿದ ನಾಲಿಗೆಗೆ ದಿನವೂ ಚಪಾತಿ-ಭಾಜಿ, ವರಣ್-ಭಾತ್ ಬೇಸರ ತರಬಹುದು. ಮೊದಲ ದಿನವೇ ಹಣ ಕಟ್ಟದೆ ನಾಲ್ಕು ದಿನ ಬಿಡಿ ಊಟ ಮಾಡಿ ನೋಡಲಿ. ಭಾನುವಾರದ ಶ್ರೀಖಂಡ-ಪೂರಿಗೆ ಮರುಳಾಗದೆ ಮಂಗಳವಾರ ರಾತ್ರಿಯ ಬೇಳೆ ಎಷ್ಟು ದಪ್ಪಗಿದೆ ಎಂದು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದವರಿಗೆ ಇದು ಸುಮಾರು 46 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ ಮಾತ್ರ. ನೀರು ಬೇಳೆಯಿಂದ ಇದು ತುಂಬದು. ಮಟಕಿ ಉಸಳ್, ಮೊಸರು, ಮೊಟ್ಟೆ ವಾರದಲ್ಲಿ ಎಷ್ಟು ಸಲ ಇದೆ ಎಂದು ವಿಚಾರಿಸಿ. ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇದೆಯೇ ಎಂದೂ ನೋಡಿ. 2022ರ ಜನವರಿಯಿಂದ ಬಿಲ್ಲಿನಲ್ಲೂ ಅದು ಕಡ್ಡಾಯ.

ಪರವೂರಿನ ಊಟದ ಕಷ್ಟ ನಮಗೆ ಹೊಸತೇನಲ್ಲ. ಒಂದು ಕಾಲದಲ್ಲಿ ಊರಿನ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು, ದಿನಕ್ಕೊಂದು ಮನೆಯಂತೆ ಏಳು ಮನೆಗಳ ಋಣದಲ್ಲಿ ಓದಿದವರು. ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಹಲವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಊಟದ ಮನೆಗಳು ಊರು ಬಿಟ್ಟು ಬಂದವರಿಗೆ ಮನೆಯ ರುಚಿ ನೀಡಿದವು. ಹತ್ತು ಜನರಿಗೆ ಉಣಬಡಿಸಿದ ಸಮಾಜದ ಮಕ್ಕಳು ಹಸಿದು ಕುಳಿತುಕೊಳ್ಳುವಂತಾಗಬಾರದು.

ಎರಡನೇ ವರ್ಷದಿಂದ ಮಗ ಮಧ್ಯಾಹ್ನಕ್ಕೆ ಕೂಪನ್, ರಾತ್ರಿಗೆ ಡಬ್ಬ ಮಾಡಿಕೊಂಡ. ಆಯ್ಕೆ ಅವನದೇ, ಲೆಕ್ಕವೂ ಅವನದೇ. ನಾವು ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟು ‘ಇವತ್ತು ಏನು ಊಟ?’ ಎಂದು ಕೇಳಲು ಕಲಿತೆವು. ಮೊದಲ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭ. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ ಹಣದ ಜೊತೆ ಇನ್ನೊಂದು ಮಾತನ್ನೂ ಕೊಟ್ಟು ಬನ್ನಿ: ‘ಊಟ ಸೇರದಿದ್ದರೆ ಹೇಳು, ಹಣ ಹೋದರೆ ಹೋಗಲಿ.’